ಶಿವಡಿಗೆ ಹೋಗಿ ರಾಜಹಂಸ ಕಾಣದೆ ಬಂದೆವು, ಯಾವ ಹೊತ್ತಿಗೆ ಹೋಗಬೇಕಿತ್ತು?

ಸೀವುಡ್ಸ್ 14ನೇ ಮಹಡಿ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ನವಿ ಮುಂಬಯಿಗೆ ಬಂದು ಎಂಟು ತಿಂಗಳಾಯಿತು. ಮೊನ್ನೆ ಭಾನುವಾರ ಮಗಳನ್ನು ಕರೆದುಕೊಂಡು ಮುಂಬಯಿಯ ಶಿವಡಿ ಜೆಟ್ಟಿಗೆ ಹೋಗಿದ್ದೆ. ಹಾರ್ಬರ್ ಲೈನಿನಲ್ಲಿ ಇಳಿದು, ಗೋದಾಮುಗಳ ನಡುವೆ ಲಾರಿ ತಪ್ಪಿಸಿಕೊಳ್ಳುತ್ತ ನಡೆದು ಜೆಟ್ಟಿ ಮುಟ್ಟಿದಾಗ ಬೆಳಿಗ್ಗೆ ಒಂಬತ್ತು. ಕಣ್ಣು ಹಾಯಿಸಿದಷ್ಟೂ ಬೂದು ಕೆಸರು. ಬಹಳ ದೂರದಲ್ಲಿ ಕುಂಕುಮದ ನೀರು ಚೆಲ್ಲಿ ಒಣಗಿದ ಹಾಗೆ ಒಂದು ಗೆರೆ. ಅದೇ ರಾಜಹಂಸಗಳ, ಅಂದರೆ ಫ್ಲೆಮಿಂಗೊಗಳ ಹಿಂಡು ಅಂತ ಅಲ್ಲಿದ್ದವರು ಹೇಳಿದರು. ನನ್ನ ಹತ್ತಿರ ಬೈನಾಕ್ಯುಲರ್ ಇಲ್ಲ, ಎದುರಿಗೆ ಬಿಸಿಲು ಬೇರೆ. ಮಗಳಿಗೆ ಆರು ವರ್ಷ. "ಅಮ್ಮಾ, ಹಕ್ಕಿ ಎಲ್ಲಿ?" ಅಂತ ಕೇಳಿ ಕೇಳಿ ಸುಮ್ಮನಾದಳು.

ಲಕ್ಷಗಟ್ಟಲೆ ಹಕ್ಕಿ ಬರುತ್ತವೆ ಅಂತ ಓದಿದ್ದೆ. ನಾವು ಹೋದ ತಿಂಗಳು ತಪ್ಪೋ, ಹೊತ್ತು ತಪ್ಪೋ? ತಿಳಿದವರು ದಯವಿಟ್ಟು ಹೇಳಿ. ಇನ್ನೊಂದು ಸಲ ಅವಳನ್ನು ಹಕ್ಕಿ ತೋರಿಸದೆ ವಾಪಸು ಕರೆತರಲು ಮನಸ್ಸಿಲ್ಲ.

ಖಾಡಿ ದಂಡೆಯವ

ಮೇಡಂ, ಜಾಗ ಸರಿ, ತಿಂಗಳೂ ಸರಿ. ಫೆಬ್ರವರಿಗಿಂತ ಒಳ್ಳೆಯ ತಿಂಗಳಿಲ್ಲ. ನೀರಿನ ಹೊತ್ತು ಮಾತ್ರ ತಪ್ಪಿತು.

ನಾನು ಐರೋಳಿಯಲ್ಲಿ 23 ವರ್ಷದಿಂದ ಇದ್ದೇನೆ. ಮೊದಲ ಎರಡು ವರ್ಷ ನಾನೂ ಗಡಿಯಾರ ನೋಡಿ ಹೋಗಿ ಕೆಸರು ನೋಡಿ ಬಂದವನೇ. ಠಾಣೆ ಖಾಡಿ, ಅಂದರೆ ನೆಲದೊಳಗೆ ಚಾಚಿದ ಕಡಲಿನ ಕವಲು, 26 ಕಿಲೋಮೀಟರ್ ಉದ್ದ. ದಿನಕ್ಕೆ ಎರಡು ಸಲ ಸಮುದ್ರ ಅದರೊಳಗೆ ಬಂದು ಹೋಗುತ್ತದೆ. ಖಾಡಿಯ ತಳ ತಟ್ಟೆಯ ಹಾಗೆ ಚಪ್ಪಟೆ, ಆದ್ದರಿಂದ ನೀರು ಒಂದು ಗೇಣು ಏರಿದರೂ ಕೆಸರಿನ ಮೇಲೆ ಎಷ್ಟೋ ಮಾರು ಮುಂದೆ ಸರಿದುಬಿಡುತ್ತದೆ. ಹಕ್ಕಿಗಳು ನೀರಿನ ಅಂಚು ಹಿಡಿದು ಮೇಯುತ್ತವೆ. ಪೂರ್ತಿ ಇಳಿತದಲ್ಲಿ ಅಂಚು ಎಲ್ಲೋ ದೂರ, ನೀವು ಕಂಡ ಆ ಗೆರೆ. ಪೂರ್ತಿ ಉಬ್ಬರದಲ್ಲಿ ಕೆಸರೇ ಮುಳುಗಿ ಹಕ್ಕಿಗಳು ಎದ್ದು ಬೇರೆ ಕಡೆ ಹೋಗುತ್ತವೆ. ನಮಗೆ ಬೇಕಾದದ್ದು ಇವೆರಡರ ನಡುವಿನ ಹೊತ್ತು. ನೀರು ಏರುತ್ತ ಬಂದ ಹಾಗೆ ಹಿಂಡು ಹೆಜ್ಜೆ ಹೆಜ್ಜೆಯಾಗಿ ದಂಡೆಯ ಕಡೆ ತಳ್ಳಿಸಿಕೊಂಡು ಬರುತ್ತದೆ. ನಾವು ಕದಲದೆ ನಿಂತರೆ ಸಾಕು, ಅವೇ ಹತ್ತಿರ ಬರುತ್ತವೆ.

ಲೆಕ್ಕ ಹೇಳಿಕೊಟ್ಟವರು ದೋಣಿ ಇಟ್ಟುಕೊಂಡಿದ್ದ ಒಬ್ಬ ಅಜ್ಜ, ಇಲ್ಲಿನ ಮೀನುಗಾರ ಕೋಳಿ ಸಮುದಾಯದವರು. ಪಂಚಾಂಗದಲ್ಲಿ ಅವತ್ತಿನ ತಿಥಿ ನೋಡಿ, ಅದನ್ನು ಮುಕ್ಕಾಲರಿಂದ ಗುಣಿಸಿ. ಬಂದದ್ದೇ ಉಬ್ಬರದ ಗಂಟೆ. ಪಂಚಮಿಗೆ ಐದು ಮುಕ್ಕಾಲು, ಅಂದರೆ ಮೂರೂಮುಕ್ಕಾಲು. ಅದಕ್ಕೆ ಆರು ಗಂಟೆ ಹಿಂದೆ ಮುಂದೆ ಇಳಿತ. ಅರ್ಧ ಗಂಟೆ ಹೆಚ್ಚು ಕಡಿಮೆ ಆಗುತ್ತದೆ, ನಿಖರವಾಗಿ ಬೇಕಿದ್ದರೆ ಟೈಡ್ ಟೇಬಲ್ ನೋಡಿ. ಆದರೆ ಲೋಕಲ್‌ನಲ್ಲಿ ನೇತಾಡುವಾಗ ಬಾಯಿಲೆಕ್ಕವೇ ಸಲೀಸು.

ಮೊನ್ನೆ ಭಾನುವಾರ ಚೌತಿ. ನಾಲ್ಕು ಮುಕ್ಕಾಲು ಮೂರು. ಮಧ್ಯಾಹ್ನ ಮೂರಕ್ಕೆ ಉಬ್ಬರ, ಬೆಳಿಗ್ಗೆ ಒಂಬತ್ತಕ್ಕೆ ಇಳಿತ. ನೀವು ಇಳಿತದ ತುದಿಗೇ ಹೋಗಿ ನಿಂತಿದ್ದೀರಿ.

ಮಾಟುಂಗಾ ಮೇಷ್ಟ್ರು

ಮುಕ್ಕಾಲಿನ ಮಗ್ಗಿ! ನಮ್ಮ ಕಾಲದಲ್ಲಿ ಕಾಲು, ಅರೆ, ಮುಕ್ಕಾಲು, ಒಂದೂಕಾಲು ಎಲ್ಲಕ್ಕೂ ಮಗ್ಗಿ ಇತ್ತು, ಸಂಜೆ ದೀಪ ಹಚ್ಚಿದ ಮೇಲೆ ಸಾಲಾಗಿ ಕೂತು ಒಪ್ಪಿಸಬೇಕಿತ್ತು. ಮೂವತ್ತು ವರ್ಷ ರಾತ್ರಿ ಶಾಲೆಯಲ್ಲಿ ಗಣಿತ ಹೇಳಿಕೊಟ್ಟೆ, ಸಮುದ್ರದ ನೀರು ಅದೇ ಮಗ್ಗಿಯ ಪ್ರಕಾರ ಏರಿಳಿಯುತ್ತದೆ ಅಂತ ಇವತ್ತೇ ತಿಳಿದದ್ದು. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ, ಉಬ್ಬರವೂ ಅಷ್ಟೇ ತಡವಾಗಬೇಕು. ಮುಕ್ಕಾಲು ಗಂಟೆ ಅಂದರೆ 45 ನಿಮಿಷ. ಹದಿನೈದು ತಿಥಿಗೆ ಹೆಚ್ಚುಕಡಿಮೆ ಒಂದು ಸುತ್ತು. ಲೆಕ್ಕ ಕೂಡಿಬರುತ್ತದೆ. ಆ ಅಜ್ಜನಿಗೆ ನನ್ನ ನಮಸ್ಕಾರ.

ಸೀವುಡ್ಸ್ 14ನೇ ಮಹಡಿ

ತುಂಬಾ ಧನ್ಯವಾದ. ಈ ಲೆಕ್ಕದಲ್ಲಿ ಮುಂದೆ ಯಾವ ದಿನ ಒಳ್ಳೆಯದು? ಬೆಳಿಗ್ಗೆಯೇ ಹೋಗಬೇಕಾ?

ಖಾಡಿ ದಂಡೆಯವ

ಶಿವಡಿಗೆ ಮಧ್ಯಾಹ್ನದ ಮೇಲೆ ಹೋಗಿ. ಜೆಟ್ಟಿಯ ಮುಖ ಪೂರ್ವಕ್ಕೆ. ಬೆಳಿಗ್ಗೆ ಸೂರ್ಯ ಕಣ್ಣಿಗೆ ಕುಕ್ಕುತ್ತಾನೆ, ಗುಲಾಬಿ ಹಕ್ಕಿಯೂ ಕಪ್ಪಾಗಿ ಕಾಣುತ್ತದೆ. ಮಧ್ಯಾಹ್ನ ಬೆಳಕು ನಮ್ಮ ಬೆನ್ನ ಹಿಂದಿನಿಂದ ಹಕ್ಕಿಯ ಮೈಮೇಲೆ ಬೀಳುತ್ತದೆ.

ನನ್ನ ಮೆಚ್ಚಿನ ದಿನ ಅಷ್ಟಮಿ. ಎಂಟು ಮುಕ್ಕಾಲು ಆರು. ಸಂಜೆ ಆರಕ್ಕೆ ಉಬ್ಬರ, ಆದ್ದರಿಂದ ಮೂರೂವರೆಗೆ ಹೋಗಿ ನಿಂತರೆ ನೀರೂ ಬೆಳಕೂ ಒಟ್ಟಿಗೆ ಕೂಡಿಬರುತ್ತವೆ. ಅಷ್ಟಮಿಯ ಉಬ್ಬರ ಸೌಮ್ಯ. ಅಮಾವಾಸ್ಯೆ ಹುಣ್ಣಿಮೆಗೆ ಮುಂಬಯಿಯಲ್ಲಿ ನೀರು ನಾಲ್ಕೂವರೆ ಮೀಟರ್ ದಾಟುವುದುಂಟು, ಆಗ ಕೆಸರು ಬೇಗ ಮುಳುಗಿ ಹಕ್ಕಿಗಳೂ ಬೇಗ ಏಳುತ್ತವೆ. ಅಷ್ಟಮಿಗೆ ಹಾಗಲ್ಲ, ತುಸು ಕೆಸರು ಉಳಿದಿರುತ್ತದೆ, ಹಕ್ಕಿಗಳೂ ನಿಧಾನವಾಗಿ ಮೇಯುತ್ತವೆ. ಬರುವ ಗುರುವಾರವೇ ಅಷ್ಟಮಿ.

ಗದಗಿನ್ಯಾಂವ

ನಮಸ್ಕಾರ್ರೀ. ನಾ ಮಾಗಡಿ ಕೆರಿ ಕಡೆದಾಂವ, ಈಗ ಠಾಣೆದಾಗ ಇರ್ತೀನಿ. ನಮ್ಮ ಕೆರಿಗೆ ಚಳಿಗಾಲದಾಗ ಪಟ್ಟೆತಲೆ ಹೆಬ್ಬಾತು ಬರ್ತಾವ, ಹಿಮಾಲಯ ದಾಟಿ. ಸಣ್ಣಾಂವ ಇದ್ದಾಗ ನಸುಕಿನ್ಯಾಗ ಅವುಗಳ ಸಪ್ಪಳಕ್ಕ ಎಚ್ಚರ ಆಗ್ತಿತ್ತು. ಹೊಲದಾಗ ಮೇಯ್ದು ಹೊತ್ತೇರಿದ ಮ್ಯಾಲ ಕೆರಿಗೆ ಇಳೀತಿದ್ವು. 2024ರಾಗ ಆ ಕೆರಿಗೆ ರಾಮ್ಸಾರ್ ಅಂತ, ಕೆರಿ-ಜೌಗು ಜಾಗಕ್ಕ ಕೊಡೋ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ತು, ಭಾಳ ಖುಷಿ ಆತು.

ನನ್ನ ಪ್ರಶ್ನೆ ಏನಪಾ ಅಂದ್ರ, ಇಲ್ಲಿ ಯಾರನ್ನ ಕೇಳಿದ್ರೂ ರಾಜಹಂಸ ಸೈಬೀರಿಯಾದಿಂದ ಬರ್ತಾವ ಅಂತಾರ. ಖರೇ ಏನ್ರೀ?

ಖಾಡಿ ದಂಡೆಯವ

ಅಲ್ಲ ಅಣ್ಣ. ನಮ್ಮ ಖಾಡಿಯ ರಾಜಹಂಸಗಳ ತವರು ಹೆಚ್ಚಾಗಿ ಗುಜರಾತ್. ಮಳೆ ಬಂದು ಕಚ್ಛದ ರಣದಲ್ಲಿ ನೀರು ನಿಂತಾಗ ಅಲ್ಲಿ ಕೆಸರು ಗುಡ್ಡೆ ಹಾಕಿ ಗೂಡು ಮಾಡುತ್ತವೆ. ಅಲ್ಲಿ ನೀರು ಆರುತ್ತ ಬಂದ ಹಾಗೆ ನವೆಂಬರ್ ಸುಮಾರಿಗೆ ಇಲ್ಲಿಗೆ ಬರುತ್ತವೆ, ಮುಂಗಾರಿನ ಮುಂಚೆ ಮೇ-ಜೂನ್‌ನಲ್ಲಿ ಹಿಂತಿರುಗುತ್ತವೆ. 1990ರ ದಶಕದಿಂದ ದೊಡ್ಡ ಹಿಂಡು ಬರತೊಡಗಿದ್ದು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರ 2019ರ ಎಣಿಕೆಯಲ್ಲಿ ಸುಮಾರು 1.2 ಲಕ್ಷ ಸಿಕ್ಕಿತ್ತು.

ಸೈಬೀರಿಯಾದಿಂದ ನಿಜವಾಗಿ ಬರುವವರನ್ನು ಯಾರೂ ಕತ್ತೆತ್ತಿ ನೋಡುವುದಿಲ್ಲ. ಅದೇ ನನಗೆ ಬೇಜಾರು. ರಾಜಹಂಸಗಳ ಕಾಲ ಬುಡದಲ್ಲಿ ಇಲಿಮರಿಗಳ ಹಾಗೆ ಓಡಾಡುವ ಬೂದು ಹಕ್ಕಿಗಳಿವೆಯಲ್ಲ, ಅವು. ಲಿಟ್ಲ್ ಸ್ಟಿಂಟ್ ಅಂತ ಒಂದು, ಗುಬ್ಬಿಯಷ್ಟೇ ಮೈ, ತೂಕ ಮೂವತ್ತು ಗ್ರಾಂ ಆಸುಪಾಸು. ಅದು ಮರಿ ಮಾಡುವುದು ಉತ್ತರ ಧ್ರುವದ ಅಂಚಿನಲ್ಲಿ. ಕರ್ಲ್ಯೂ ಸ್ಯಾಂಡ್‌ಪೈಪರ್ ಕೂಡ ಹಾಗೆಯೇ. ಈಗ ಮಣ್ಣಿನ ಬಣ್ಣದಲ್ಲಿರುವ ಅದು ಏಪ್ರಿಲ್ ಹೊತ್ತಿಗೆ ಇಟ್ಟಿಗೆಗೆಂಪು ಮೈಯಾಗಿ ಹೊರಡುತ್ತದೆ. ಒಮ್ಮೆ ಏಪ್ರಿಲ್ ಮೊದಲ ವಾರ ಹೋಗಿ ನೋಡಿ, ಅದೇ ಹಕ್ಕಿ ಅಂತ ನಂಬಲಾಗುವುದಿಲ್ಲ.

ಪಾರ್ಲೆ ಅಮ್ಮ

ನಮಗೆಲ್ಲ ಗುಲಾಬಿ ಹಕ್ಕಿ ಅಂದರೆ ಒಂದೇ. ಅದರಲ್ಲೂ ಎರಡು ಜಾತಿ ಇವೆಯಂತೆ?

ಖಾಡಿ ದಂಡೆಯವ

ಹೌದಮ್ಮ. ದೊಡ್ಡದು ಕತ್ತೆತ್ತಿ ನಿಂತರೆ ನಮ್ಮ ಎದೆ ಮಟ್ಟ. ಮೈ ಹೆಚ್ಚುಕಡಿಮೆ ಬಿಳಿ, ಕೊಕ್ಕು ತಿಳಿಗುಲಾಬಿ, ತುದಿ ಮಾತ್ರ ಕಪ್ಪು. ಸಣ್ಣದು 80-90 ಸೆಂಟಿಮೀಟರ್, ಬಣ್ಣ ಗಾಢ, ಕೊಕ್ಕು ಕಡುಗೆಂಪು, ದೂರದಿಂದ ಪೂರ್ತಿ ಕಪ್ಪಾಗಿಯೇ ಕಾಣುತ್ತದೆ. ನಮ್ಮಲ್ಲಿ ಸಣ್ಣದೇ ಬಹುಪಾಲು.

ಮೇಯುವ ರೀತಿ ನೋಡಿಯೂ ಹೇಳಬಹುದು. ದೊಡ್ಡದು ತಲೆಯನ್ನು ನೀರಿನಾಳಕ್ಕೆ ಇಳಿಸಿ ಸಿಗಡಿ, ಹುಳ ಹುಡುಕುತ್ತದೆ. ಸಣ್ಣದು ಕೊಕ್ಕನ್ನು ತಲೆಕೆಳಗು ಮಾಡಿ ನೀರಿನ ಮೇಲ್ಪದರದಲ್ಲೇ ಆಚೀಚೆ ಬೀಸುತ್ತ ನಡೆಯುತ್ತದೆ, ಮನೆಯಲ್ಲಿ ನೆಲ ಸಾರಿಸುವ ಹಾಗೆ. ಕೊಕ್ಕಿನೊಳಗೆ ಜರಡಿಯಂಥ ಸಾಲು ಇದೆ. ನಾಲಿಗೆ ಪಂಪಿನ ಹಾಗೆ ನೀರನ್ನು ಎಳೆದು ಹೊರದೂಡುತ್ತದೆ, ಪಾಚಿ ಜರಡಿಯಲ್ಲಿ ಉಳಿಯುತ್ತದೆ. ಗಾಳಿ ನಿಂತ ಹೊತ್ತಿನಲ್ಲಿ ಹಿಂಡು ಹತ್ತಿರ ಬಂದರೆ ಆ ಗುಳುಗುಳು ಸದ್ದು ಕೇಳುತ್ತದೆ, ನಡುನಡುವೆ ಬಾತಿನ ಹಾಗೆ ಗೊಣಗಾಟ. ಬಣ್ಣ ಬರುವುದೂ ಆ ಊಟದಿಂದಲೇ. ಮರಿಗಳು ಬೂದು ಬಣ್ಣ, ಹಿಂಡಿನಲ್ಲಿ ಹುಡುಕಿ, ಒಂದೆರಡಾದರೂ ಸಿಗುತ್ತವೆ.

ಗದಗಿನ್ಯಾಂವ

ಪಾಚಿ ಇಷ್ಟ ಯಾಕ ಬೆಳದೈತಿ ಅಂದ್ರ ಊರಿನ ಗಟಾರದ ನೀರು ಖಾಡಿಗೆ ಬರ್ತೈತಿ ಅದಕ್ಕ, ಅಂತ ನಮ್ಮ ಆಫೀಸಿನ್ಯಾಗ ಒಬ್ರು ಅಂದ್ರು. ಹಂಗಾರ ಹೊಲಸು ನೀರೇ ಹಕ್ಕಿಗೆ ಚೊಲೋ ಅಂದಂಗಾತಲ್ರೀ?

ಖಾಡಿ ದಂಡೆಯವ

ಅರ್ಧ ಸತ್ಯ. ಕೊಳಚೆ ನೀರಿನ ಸಾರ ಪಾಚಿಗೆ ಗೊಬ್ಬರವಾಗಿದೆ ಅಂತ ತಿಳಿದವರೇ ಹೇಳುತ್ತಾರೆ. ಆದರೆ ಪಾಚಿ ತಿನ್ನುವವರು ಸಣ್ಣ ರಾಜಹಂಸಗಳು ಮಾತ್ರ. ಮೀನು ನಂಬಿದ ಹಕ್ಕಿಗಳಿಗೂ, ಮೀನು ನಂಬಿದ ಕೋಳಿ ಜನರಿಗೂ ಆ ನೀರು ಒಳ್ಳೆಯದು ಮಾಡಿಲ್ಲ. ಖಾಡಿಯಲ್ಲಿ ಮೊದಲು ಸಿಗುತ್ತಿದ್ದ ಮೀನು ಈಗಿಲ್ಲ ಅಂತ ಆ ಅಜ್ಜ ಹೇಳುತ್ತಿದ್ದರು. ಗುಲಾಬಿ ಬಣ್ಣ ನೋಡಿ ಖಾಡಿ ಆರೋಗ್ಯವಾಗಿದೆ ಅಂತ ತೀರ್ಮಾನ ಕೊಡಬಾರದು.

ಅಘನಾಶಿನಿ ಮಗಳು

ಈ ಮಾತು ಓದಿ ನಾನೂ ಬರೆಯಬೇಕು ಅನಿಸಿತು. ನನ್ನ ಊರು ಕುಮಟಾ ತಾಲೂಕು, ಅಘನಾಶಿನಿ ದಂಡೆ. ನಮ್ಮಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಬಳಚು, ಅಂದರೆ ಚಿಪ್ಪುಮೀನು ಹೆಕ್ಕಲು ಇಳಿಯುತ್ತಾರೆ. ಮದುವೆಯಾಗಿ ಇಲ್ಲಿಗೆ ಬಂದಾಗ ದಿವಾ ಗ್ರಾಮದ ಹತ್ತಿರ ಕೋಳಿ ಹೆಂಗಸರು ಅದೇ ಥರ ಸೀರೆ ಕಚ್ಚೆ ಹಾಕಿ ಕೆಸರಿಗೆ ಇಳಿಯುವುದನ್ನು ಕಂಡು, ಅದೇ ಊರು ಅನ್ನಿಸಿ ಕಣ್ಣಲ್ಲಿ ನೀರು ಬಂತು.

ನಾನೂ ಇಳಿದೆ. ಊರಿನ ಅಭ್ಯಾಸ ಉಂಟು ಅನ್ನುವ ಧೈರ್ಯ. ನಮ್ಮ ಕಡೆ ಮರಳು ಬೆರೆತ ಕೆಸರು, ಕಾಲು ನಿಲ್ಲುತ್ತದೆ. ಇಲ್ಲಿಯದು ಬೆಣ್ಣೆ. ನಾಲ್ಕನೇ ಹೆಜ್ಜೆಗೆ ಮೊಣಕಾಲು ದಾಟಿತು, ಎಳೆದಷ್ಟೂ ಇನ್ನೊಂದು ಕಾಲು ಒಳಗೆ. ಒಬ್ಬ ಅಜ್ಜಿ ಒಂದು ಹಲಗೆ ತಳ್ಳಿ, ಅದರ ಮೇಲೆ ಹೊಟ್ಟೆ ಅಡಿಯಾಗಿ ಮಲಗು ಅಂದರು. ಹಾಗೆ ಮಲಗಿದೆ, ಅವರು ಕೈ ಹಿಡಿದು ಎಳೆದರು. ಮಕ್ಕಳನ್ನು ಕರೆತರುವವರಿಗೆ ಇದೊಂದು ಮಾತು: ಕಲ್ಲು, ಕಾಂಕ್ರೀಟು ಇರುವವರೆಗೆ ಮಾತ್ರ ಹೋಗಿ.

ಆದರೆ ಆವತ್ತು ಕೆಸರಿನ ಮಟ್ಟದಲ್ಲಿ ಕೂತು ಕಂಡದ್ದನ್ನೂ ಹೇಳಬೇಕು. ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಉಸಿರು ಬೇರುಗಳು ಪೆನ್ಸಿಲ್ ನೆಟ್ಟ ಹಾಗೆ ಸಾವಿರ ಎದ್ದಿದ್ದವು. ಅವುಗಳ ನಡುವೆ ಕಣ್ಣು ನೆತ್ತಿಯ ಮೇಲಿರುವ ಮೀನುಗಳು, ಇಲ್ಲಿ ಅವಕ್ಕೆ ನಿವಟಿ ಅನ್ನುತ್ತಾರೆ, ಎದೆಯ ರೆಕ್ಕೆ ಊರಿ ತೆವಳುತ್ತಿದ್ದವು. ಎರಡು ಎದುರಾದವು, ಬೆನ್ನಿನ ರೆಕ್ಕೆ ಪಟ್ಟೆಂದು ಬಿಚ್ಚಿ ಜಿಗಿದವು. ಒಂದು ಏಡಿ, ಒಂದೇ ಕೊಂಬು ಮೈಯಷ್ಟು ದೊಡ್ಡದು, ಬಿಲದ ಬಾಯಲ್ಲಿ ನಿಂತು ಬಾ ಬಾ ಅನ್ನುವ ಹಾಗೆ ಬೀಸುತ್ತಿತ್ತು. ಕಾಂಡ್ಲಾ ಎಲೆಯ ಮೇಲೆ ಬೆರಳಾಡಿಸಿ ನಾಲಿಗೆಗಿಟ್ಟರೆ ಉಪ್ಪು. ಗಿಡವೇ ಹೊರಗೆ ಹಾಕಿದ ಉಪ್ಪು. ಹಕ್ಕಿಗಳು ಇಲ್ಲಿಗೆ ಯಾಕೆ ಬರುತ್ತವೆ ಅನ್ನುವುದು ಆವತ್ತು ಗೊತ್ತಾಯಿತು.

ಪಾರ್ಲೆ ಅಮ್ಮ

ನನ್ನದು ಸಣ್ಣ ಬೇಡಿಕೆ. ಗೇಟ್‌ವೇಯಿಂದ ಎಲಿಫೆಂಟಾಕ್ಕೆ ದೋಣಿಯಲ್ಲಿ ಹೋಗುವಾಗ ಜನ ಕಡಲಹಕ್ಕಿಗಳಿಗೆ ಗಾಂಠಿಯಾ ಎಸೆಯುತ್ತಾರೆ. ಮೊಮ್ಮಗ ಕೇಳಿದ, ನಾನೂ ಒಂದು ಪೊಟ್ಟಣ ಕೊಂಡುಕೊಟ್ಟಿದ್ದೆ. ಆಮೇಲೆ ತಿಳಿಯಿತು, ಎಣ್ಣೆಯಲ್ಲಿ ಕರಿದ ಉಪ್ಪು ಹಿಟ್ಟು ಮೀನು ತಿನ್ನುವ ಹೊಟ್ಟೆಗೆ ಆಗುವುದಲ್ಲ. ಆ ಹಕ್ಕಿಗಳಲ್ಲಿ ಕೆಲವು ಲಡಾಖ್, ಟಿಬೆಟ್ ಕಡೆಯ ಕೆರೆಗಳಿಂದ ಬರುತ್ತವಂತೆ. ಮಾರ್ಚಿನಲ್ಲಿ ತಲೆ ಕಂದು ಬಣ್ಣಕ್ಕೆ ತಿರುಗಿದರೆ ಹೊರಡುವ ಕಾಲ ಬಂತು ಅಂತ. ಅಷ್ಟು ದೂರ ಹಾರಬೇಕಾದ ಜೀವಕ್ಕೆ ಗಾಂಠಿಯಾ ಹಾಕಬೇಡಿ. ಮಕ್ಕಳಿಗೆ ಹೇಳಿದರೆ ಅವರು ಬೇಗ ಒಪ್ಪುತ್ತಾರೆ.

ಮಳೆಗಾಲದಲ್ಲಿ ಜುಹೂ ಕಡೆ ಹೋಗುವವರು ದಡಕ್ಕೆ ಬಿದ್ದ ನೀಲಿ ಗುಳ್ಳೆಯಂಥದ್ದನ್ನು ಮುಟ್ಟಬೇಡಿ, ಬೆಂಕಿ ಇಟ್ಟ ಹಾಗೆ ಉರಿಯುತ್ತದೆ.

ಲೆನ್ಸ್ ಹುಡುಗ, ವಾಶಿ

ಜಾಗದ ಹೆಸರನ್ನು ಹೀಗೆ ಬಯಲಲ್ಲಿ ಬರೆಯುವುದು ಸರಿಯಾ? ಹೋದ ವರ್ಷ ಪಾಮ್ ಬೀಚ್ ರಸ್ತೆಯ ಹಿಂದಿನ ನೀರಿನ ಹತ್ತಿರ ಒಬ್ಬರು, ಹಾರುವ ಫೋಟೋ ಬೇಕು ಅಂತ, ಹಿಂಡಿನ ಕಡೆ ಕಲ್ಲು ಎಸೆದದ್ದನ್ನು ಕಣ್ಣಾರೆ ಕಂಡೆ. ಇನ್ನೂರು ಮುನ್ನೂರು ಹಕ್ಕಿ ಒಂದೇ ಸಲ ಎದ್ದವು. ನನ್ನ ಕ್ಯಾಮೆರಾ ಕೈಯಲ್ಲಿತ್ತು, ತೆಗೆಯಲು ಮನಸ್ಸಾಗಲಿಲ್ಲ. ಜಗಳ ಆಡಿದೆ. ಜನ ಹೆಚ್ಚಾದಷ್ಟೂ ಇಂಥವರೂ ಹೆಚ್ಚುತ್ತಾರೆ. ನನ್ನ ಮಟ್ಟಿಗೆ ಜಾಗಗಳನ್ನು ಗುಟ್ಟಾಗಿಡುವುದೇ ಒಳ್ಳೆಯದು.

ಖಾಡಿ ದಂಡೆಯವ

ತಮ್ಮಾ, ನೀನು ಜಗಳ ಆಡಿದ್ದು ಸರಿ. ಗೂಡಿನ ಜಾಗ, ಗೂಬೆ ಕೂರುವ ಮರ, ಕಾಂಡ್ಲಾದೊಳಗೆ ನರಿ ಮರಿ ಹಾಕಿದ ಜಾಗ, ಇವನ್ನು ನಾನೂ ಯಾರಿಗೂ ಹೇಳುವುದಿಲ್ಲ. ಆದರೆ ಸೀವುಡ್ಸ್, ನೇರೂಳಿನ ನೀರಿನ ಜಾಗಗಳನ್ನು ಗುಟ್ಟಾಗಿಟ್ಟರೆ ನಷ್ಟ ಹಕ್ಕಿಗಳಿಗೇ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೇಲೆ ಬರೆದೆನಲ್ಲ, ಪೂರ್ತಿ ಉಬ್ಬರಕ್ಕೆ ಹಕ್ಕಿಗಳು ಎದ್ದು ಬೇರೆ ಕಡೆ ಹೋಗುತ್ತವೆ ಅಂತ. ಎಲ್ಲಿಗೆ? ದಂಡೆಯ ಒಳಗಿನ ಕೆರೆ, ಜೌಗು, ಹಳೆಯ ಉಪ್ಪಿನ ಗದ್ದೆಗಳಿಗೆ. ಭಾಂಡೂಪ್, ಸೀವುಡ್ಸ್, ನೇರೂಳು, ಉರಣದ ಪಾಂಜೆ ಕಡೆಯವು. ಅಲ್ಲಿ ನೀರು ಕಾಲು ಮುಳುಗುವಷ್ಟೇ ಇರುತ್ತದೆ. ಕತ್ತನ್ನು ಬೆನ್ನಿನ ಮೇಲೆ ಸುತ್ತಿಟ್ಟು, ಒಂದು ಕಾಲ ಮೇಲೆ ನಿಂತು, ಮೂರು ನಾಲ್ಕು ಗಂಟೆ ದಣಿವಾರಿಸಿಕೊಂಡು, ನೀರು ಇಳಿದೊಡನೆ ಕೆಸರಿಗೆ ಮರಳುತ್ತವೆ. ದಿನಕ್ಕೆರಡು ಸಲ, ರಾತ್ರಿಯೂ. ಕೆಸರು ಅವುಗಳ ಗದ್ದೆ, ಈ ಕೆರೆಗಳು ಮನೆ.

ಗದ್ದೆಗೆ ರಕ್ಷಣೆ ಇದೆ. 2015ರಲ್ಲಿ ಸುಮಾರು 1690 ಹೆಕ್ಟೇರ್ ಖಾಡಿ ರಾಜಹಂಸ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಕಾಂಡ್ಲಾ ಕಡಿಯುವುದನ್ನು ಹೈಕೋರ್ಟ್ 2005ರಲ್ಲೇ ತಡೆಯಿತು, 2018ರ ತೀರ್ಪಿನಲ್ಲಿ ಇನ್ನೂ ಗಟ್ಟಿ ಮಾಡಿತು. ಆದರೆ ಒಳಗಿನ ಕೆರೆಗಳಲ್ಲಿ ಹಲವು ಆ ಗಡಿಯ ಹೊರಗೆ, ಒಳ್ಳೆಯ ಬೆಲೆ ಬಾಳುವ ನೆಲದಲ್ಲಿ ಇವೆ. ಅವನ್ನು ಮುಚ್ಚಲು ಮಣ್ಣು ತುಂಬಬೇಕಾಗಿಯೂ ಇಲ್ಲ. ಖಾಡಿಯಿಂದ ನೀರು ಬರುವ ಮೋರಿಯೊಂದನ್ನು ಕಟ್ಟಿದರೆ ಸಾಕು, ಒಂದು ಬೇಸಿಗೆಯಲ್ಲಿ ಕೆರೆ ಬಯಲಾಗುತ್ತದೆ. 2024ರ ಬೇಸಿಗೆಯಲ್ಲಿ ನೇರೂಳಿನ ಒಂದು ಕೆರೆಗೆ ನೀರಿನ ದಾರಿ ಕಟ್ಟಿ, ಒಣಗಿ, ರಾಜಹಂಸಗಳು ಸತ್ತವು. ಅದೇ ಮೇ 20ರ ರಾತ್ರಿ ಘಾಟ್ಕೋಪರ್ ಮೇಲೆ ಇಳಿಯುತ್ತಿದ್ದ ವಿಮಾನಕ್ಕೆ ಹಿಂಡು ಸಿಕ್ಕಿ ಸುಮಾರು 40 ಹಕ್ಕಿಗಳು ಸತ್ತವು. ಬೆಳಿಗ್ಗೆ ಜನರ ಅಂಗಳದಲ್ಲಿ ರೆಕ್ಕೆ, ಕಾಲು. ಎರಡಕ್ಕೂ ನೇರ ಸಂಬಂಧ ಅಂತ ನಾನು ಹೇಳಲಾರೆ. ಆದರೆ ಇಳಿಯಲು ಜಾಗ ಸಿಗದ ಹಕ್ಕಿ ರಾತ್ರಿ ಹೆಚ್ಚು ಹಾರಬೇಕಾಗುತ್ತದೆ, ಅಷ್ಟು ಯಾರಿಗಾದರೂ ಹೊಳೆಯುತ್ತದೆ.

ನಮ್ಮ ಕಡೆಯ ಒಂದು ಮೋರಿಯ ಕಥೆ. ಮೂರು ವರ್ಷದ ಹಿಂದೆ ಒಂದು ಹುಣ್ಣಿಮೆಗೆ ಹೋದಾಗ, ಖಾಡಿ ತುಂಬಿ ತುಳುಕುತ್ತಿತ್ತು, ರಸ್ತೆಯ ಈಚೆ ಕೆರೆಯಲ್ಲಿ ಮಾತ್ರ ನೆಲ ಬಿರುಕು ಬಿಟ್ಟಿತ್ತು. ಅರುವತ್ತು ಎಪ್ಪತ್ತು ಹಕ್ಕಿ ಆ ಒಣ ಬಿರುಕಿನ ಮೇಲೆ ನಿಂತಿದ್ದವು. ಬಗ್ಗಿ ನೋಡಿದರೆ ಮೋರಿಯ ಬಾಯಿಗೆ ಸಿಮೆಂಟ್ ಚೀಲ, ಒಡೆದ ಟೈಲ್ಸ್, ಮುರಿದ ಕಮೋಡ್. ಯಾರೋ ಮನೆ ಒಡೆದ ಕಸ ರಾತ್ರಿ ತಂದು ಸುರಿದಿದ್ದರು. ಅರ್ಜಿ ಕೊಟ್ಟೆವು, ಫೋಟೋ ಕಳಿಸಿದೆವು, ಅಲೆದೆವು. ಐದು ವಾರವಾಯಿತು. ಕೊನೆಗೆ ಕೆಲಸ ಆದದ್ದು ಯಾಕೆಂದರೆ ಆ ಕೆರೆಗೆ ಬೆಳಿಗ್ಗೆ ವಾಕಿಂಗ್ ಬರುವ ನಲವತ್ತು ಜನ ಸಹಿ ಹಾಕಿದರು. ಅವರಿಗೆ ಹಕ್ಕಿಯ ಹೆಸರು ಗೊತ್ತಿರಲಿಲ್ಲ, ಹಕ್ಕಿ ಇತ್ತು ಅಂತ ಗೊತ್ತಿತ್ತು. ಮೋರಿ ತೆರೆದ ದಿನ ನೀರು ಮೊದಲು ಕಪ್ಪಾಗಿ, ಆಮೇಲೆ ತಿಳಿಯಾಗಿ ಬಂತು, ಮರುದಿನವೇ ಮೆಟ್ಟುಗಾಲು ಹಕ್ಕಿಗಳು ಬಂದವು.

ಯಾರೂ ನೋಡದ ಕೆರೆ ಮುಚ್ಚಿದರೆ ಯಾರಿಗೂ ಗೊತ್ತಾಗುವುದಿಲ್ಲ ತಮ್ಮಾ. ಅದಕ್ಕೇ ಹೆಸರು ಹೇಳುತ್ತೇನೆ.

ಲೆನ್ಸ್ ಹುಡುಗ, ವಾಶಿ

ಮೋರಿಯ ವಿಚಾರ ನನಗೆ ಗೊತ್ತಿರಲಿಲ್ಲ ಅಣ್ಣ. ಹಕ್ಕಿಯ ಫೋಟೋ ಅಷ್ಟೇ ತೆಗೆಯುತ್ತಿದ್ದೆ. ವಾಶಿಯಿಂದ ಬೇಲಾಪುರದವರೆಗಿನ ಮೋರಿಗಳನ್ನು ಒಂದೊಂದಾಗಿ ಫೋಟೋ ತೆಗೆದು ತಾರೀಖು ಹಾಕಿ ಇಡುತ್ತೇನೆ. ಗುಟ್ಟಿನ ಬಗ್ಗೆ ಇನ್ನೂ ನಿಮ್ಮ ಮಾತು ಪೂರ್ತಿ ಒಪ್ಪಿಲ್ಲ, ಕಲ್ಲು ಎಸೆದವನ ಮುಖ ಕಣ್ಣಮುಂದಿದೆ.

ಅಘನಾಶಿನಿ ಮಗಳು

ಪೆಟ್ಟಾದ ಹಕ್ಕಿ ಸಿಕ್ಕರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಅವರು ಬರುವವರೆಗೆ ಗಾಳಿಯಾಡುವ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದೆ ಇಡಿ. ಬಾಯಿಗೆ ನೀರು ಹೊಯ್ಯಬೇಡಿ.

ಸೀವುಡ್ಸ್ 14ನೇ ಮಹಡಿ

ಹೋಗಿ ಬಂದೆವು! ಗುರುವಾರ ಅರ್ಧ ದಿನ ರಜೆ ಹಾಕಿದೆ. ಮೂರೂಕಾಲಿಗೆ ಜೆಟ್ಟಿಯಲ್ಲಿದ್ದೆವು. ಮೊದಲು ಅದೇ ಗೆರೆ. ಮಗಳ ಮುಖ ನೋಡಿ ಭಯವಾಯಿತು. ಒಂದು ಕಲ್ಲಿನ ಮೇಲೆ ಕೂತು, ನೀರು ಎಲ್ಲಿಯವರೆಗೆ ಬಂತು ಅಂತ ನೋಡುವ ಆಟ ಹೂಡಿದೆವು. ಕೆಸರಲ್ಲಿ ನಿಂತ ಒಂದು ಹಳೆಯ ಟೈರು ನಮ್ಮ ಗುರುತು. ಟೈರಿನ ಅರ್ಧಕ್ಕೆ ನೀರು ಬಂದಾಗ ಗೆರೆ ಹಕ್ಕಿಗಳಾಯಿತು. ಮುಳುಗುವ ಹೊತ್ತಿಗೆ ಕಾಲುಗಳು ಕಂಡವು, ಆಮೇಲೆ ಕೊಕ್ಕು. ಖಾಡಿ ಅಣ್ಣ ಹೇಳಿದ ಗುಳುಗುಳು ಸದ್ದು ನನಗಿಂತ ಮೊದಲು ಅವಳಿಗೇ ಕೇಳಿತು. ಬೂದು ಬಣ್ಣದ್ದು ನಾಲ್ಕು ಸಿಕ್ಕವು, "ಇವು ನನ್ನ ಥರ ಚಿಕ್ಕವು" ಅಂದಳು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಬೈನಾಕ್ಯುಲರ್ ಕೊಟ್ಟು ಕಾಲ ಬುಡದ ಸ್ಟಿಂಟ್‌ಗಳನ್ನೂ ತೋರಿಸಿದರು.

ಇವತ್ತು ಭಾನುವಾರ, ಏಕಾದಶಿ. ಹನ್ನೊಂದು ಮುಕ್ಕಾಲು ಎಂಟೂಕಾಲು, ಅವಳೇ ಬೆರಳು ಮಡಚಿ ಲೆಕ್ಕ ಹಾಕಿದಳು. ಎಂಟಕ್ಕೆ ನಮ್ಮ ಮನೆಯ ಹಿಂದಿನ ನೀರಿಗೆ ಹೋದೆವು. ಎಂಟು ತಿಂಗಳಿಂದ ಬಾಲ್ಕನಿಯಿಂದ ಕಾಣುತ್ತಿದ್ದ ಜಾಗ, ಖಾಲಿ ಸೈಟು ಅಂದುಕೊಂಡಿದ್ದೆ. ಅಲ್ಲಿ ಅವು ಒಂದು ಕಾಲ ಮೇಲೆ ನಿಂತು ಮಲಗಿದ್ದವು. ನಾವು ದೂರದಲ್ಲೇ ಕೂತು, ಪಿಸುಮಾತಲ್ಲಿ ಎಣಿಸಿದೆವು, ಇನ್ನೂರ ಹನ್ನೆರಡು. ಬರುವಾಗ ರಸ್ತೆಯ ಅಡಿಯ ಮೋರಿಯನ್ನೂ ಬಗ್ಗಿ ನೋಡಿದೆವು. ನೀರು ಹರಿಯುತ್ತಿದೆ. ಎರಡು ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿದ್ದವು, ಕೋಲಿನಿಂದ ಎಳೆದು ಹಾಕಿದೆವು. ಫೋಟೋ ತೆಗೆದಿದ್ದೇನೆ, ವಾಶಿಯ ತಮ್ಮನಿಗೆ ಕಳಿಸುತ್ತೇನೆ.